ಮಗಳು ಟೆಕ್ಸಾಸಿಗೆ ಹೊರಟಿದ್ದಾಳೆ: ಕ್ಯಾಂಪಸ್ಸಿನ ಪಿಸ್ತೂಲು, ಭದ್ರತೆಯ ಖರ್ಚು

ಪ್ರಶ್ನೆ: ನಾನು ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರ. ಇಪ್ಪತ್ತೆರಡು ವರ್ಷದ ನನ್ನ ಮಗಳಿಗೆ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಓದಲು ಡಲ್ಲಾಸ್ ಬಳಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲೂ ಶಿಕಾಗೊ ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿದೆ. ಡಲ್ಲಾಸಿನಲ್ಲಿ ಶುಲ್ಕ ಕಡಿಮೆ. ಆದರೆ ಟೆಕ್ಸಾಸಿನಲ್ಲಿ ವಿದ್ಯಾರ್ಥಿಗಳು ತರಗತಿಗೇ ಪಿಸ್ತೂಲು ತರಬಹುದು ಎಂದು ಕೇಳಿದಂದಿನಿಂದ ಅವಳ ತಾಯಿಗೆ ನಿದ್ದೆಯಿಲ್ಲ. ನಮ್ಮದು ಕೋವಿ ಇರುವ ಮನೆ. ಕೈಲ್ ಪೊಳ್ದ್ ಹಬ್ಬದಲ್ಲಿ ಮಗಳೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾಳೆ. ಹಾಗಾಗಿ ಬಂದೂಕು ಕಂಡರೇ ಹೆದರುವವರು ನಾವಲ್ಲ. ಆದರೆ ಪಾಠದ ಕೋಣೆಯಲ್ಲಿ ಯಾರ ಸೊಂಟದಲ್ಲಿದೆ ಎಂದು ತಿಳಿಯದ ಪಿಸ್ತೂಲಿನ ಮಾತೇ ಬೇರೆ. ಹ್ಯೂಸ್ಟನ್ನಿನಲ್ಲಿರುವ ನೆಂಟರೊಬ್ಬರು, ‘ಅವಳಿಗೆ ಗುರಿ ಗೊತ್ತಲ್ಲ, ಅವಳೂ ಒಂದು ಲೈಸೆನ್ಸ್ ಮಾಡಿಸಿಕೊಳ್ಳಲಿ’ ಎನ್ನುತ್ತಾರೆ. ಇನ್ನೊಬ್ಬರು, ಈ ಕಾನೂನಿನಿಂದ ಭದ್ರತೆಗೆ ಕೋಟಿಗಟ್ಟಲೆ ಡಾಲರ್ ಖರ್ಚಾಗಿ ಅದನ್ನೆಲ್ಲ ವಿದೇಶಿ ವಿದ್ಯಾರ್ಥಿಗಳ ಶುಲ್ಕದ ಮೇಲೆ ಹೇರುತ್ತಾರೆ ಎಂದರು. ಇದರಲ್ಲಿ ನಿಜವೆಷ್ಟು? ನಾವು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪಕ್ಕದಲ್ಲಿ ಕುಳಿತವನ ಬಳಿ ಪಿಸ್ತೂಲು ಇರಬಹುದೆಂಬುದು ಒಂದು, ಮಗಳೂ ಒಂದನ್ನು ಇಟ್ಟುಕೊಳ್ಳಬೇಕೇ ಎಂಬುದು ಇನ್ನೊಂದು, ಇದೆಲ್ಲದರ ಖರ್ಚು ಕೊನೆಗೆ ನಿಮ್ಮ ಜೇಬಿಗೇ ಬರುತ್ತದೆಯೇ ಎಂಬುದು ಮತ್ತೊಂದು. ಟೆಕ್ಸಾಸಿನ ವಿಶ್ವವಿದ್ಯಾಲಯಗಳ ಭದ್ರತಾ ಯೋಜನೆ ಮತ್ತು ಅದರ ಬಜೆಟ್ಟಿನ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನಗೆ ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳು ಪ್ರತಿ ಬೇಸಿಗೆಯಲ್ಲೂ ಭಾರತದ ಪೋಷಕರಿಂದ ಬರುತ್ತವೆ. ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ನಿಮ್ಮ ಮಗಳ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ ಅಪಾಯ ಇರುವುದು ಅಲ್ಲಿಯೇ. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನೆಂಟರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಿಮ್ಮ ಮಗಳು ಹೋಗುವುದು ಎಫ್-1 ವಿದ್ಯಾರ್ಥಿ ವೀಸಾದ ಮೇಲೆ. ಇಂತಹ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕವನ್ನು ಪ್ರವೇಶಿಸಿದವರು ಬಂದೂಕನ್ನಾಗಲಿ ಅದರ ತೋಟಾಗಳನ್ನಾಗಲಿ ಹೊಂದಿರುವುದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಟೆಕ್ಸಾಸ್ ರಾಜ್ಯದ ಕಾನೂನು ಎಷ್ಟೇ ಉದಾರವಾಗಿದ್ದರೂ ಈ ನಿಷೇಧ ಅದರಿಂದ ಸಡಿಲವಾಗುವುದಿಲ್ಲ. ಇಲ್ಲಿ ಹೊಂದಿರುವುದು ಎಂದರೆ ಹಣ ಕೊಟ್ಟು ಕೊಳ್ಳುವುದು ಮಾತ್ರವಲ್ಲ. ಶೂಟಿಂಗ್ ರೇಂಜಿನಲ್ಲಿ ಅರ್ಧ ಗಂಟೆ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದು ಆ ವ್ಯಾಪ್ತಿಗೆ ಬರುತ್ತದೆ. 2022ರ ತಿದ್ದುಪಡಿಯ ಬಳಿಕ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಹತ್ತು ವರ್ಷದಿಂದ ಹದಿನೈದು ವರ್ಷಕ್ಕೆ ಏರಿದೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದ ವಿದೇಶೀಯರನ್ನು ಗಡೀಪಾರು ಮಾಡಲು ವಲಸೆ ಕಾನೂನಿನಲ್ಲಿ ಪ್ರತ್ಯೇಕ ಅವಕಾಶವೂ ಇದೆ.

ಇದು ಕಾಗದದ ಮೇಲಷ್ಟೇ ಉಳಿದ ಕಾನೂನಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಓದಲು ಬಂದು, ಅಂಕಗಳು ಸಾಲದೆ ಫ್ಲೋರಿಡಾದ ಒಂದು ವಿದ್ಯಾಸಂಸ್ಥೆಯಿಂದ ಹೊರಬಿದ್ದಿದ್ದ ರೆಹೈಫ್ ಎಂಬ ವಿದ್ಯಾರ್ಥಿ ಶೂಟಿಂಗ್ ರೇಂಜಿಗೆ ಹೋಗಿ ಎರಡು ಬಂದೂಕುಗಳನ್ನು ಹಾರಿಸಿದ್ದಕ್ಕೇ ಫೆಡರಲ್ ಮೊಕದ್ದಮೆ ಎದುರಿಸಬೇಕಾಯಿತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಾನು ನಿಷೇಧಿತ ವರ್ಗಕ್ಕೆ ಸೇರಿದ್ದೇನೆಂಬುದು ಆರೋಪಿಗೆ ತಿಳಿದಿತ್ತು ಎಂದು ಸರ್ಕಾರ ಸಾಬೀತುಪಡಿಸಬೇಕು ಎಂದು 2019ರಲ್ಲಿ ನ್ಯಾಯಾಲಯ ಹೇಳಿತು. ವೀಸಾ ಅವಧಿ ಮತ್ತು ದಾಖಲಾತಿ ಎರಡೂ ಸರಿಯಾಗಿರುವ ವಿದ್ಯಾರ್ಥಿಗೆ ಈ ತೀರ್ಪಿನಿಂದ ರಕ್ಷಣೆ ಸಿಗುತ್ತದೆಂದು ಭಾವಿಸಬಾರದು; ತಾನು ಎಫ್-1ರ ಮೇಲಿದ್ದೇನೆ ಎಂಬುದು ಆಕೆಗೆ ಗೊತ್ತೇ ಇರುತ್ತದೆ.

ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ ನಿಜ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಹ್ಯೂಸ್ಟನ್ನಿನ ನೆಂಟರು ಕೇಳಿರುವುದು ಬಹುಶಃ ಇದನ್ನೇ. ಆದರೆ ಆ ಬಾಗಿಲಿನೊಳಗೆ ವಲಸೆ ವಕೀಲರನ್ನು ಕೇಳದೆ ಕಾಲಿಡುವುದು ಜಾಣತನವಲ್ಲ. ಆ ಪರವಾನಗಿಯ ಅವಧಿ ಮುಗಿದದ್ದು ಗಮನಕ್ಕೆ ಬಾರದೆ ಹೋದರೆ ಮರುದಿನದಿಂದಲೇ ಅದು ಅಪರಾಧವಾಗುತ್ತದೆ. ಓದಲು ಹೋಗುವವರು ಇಷ್ಟು ದೊಡ್ಡ ಪಣವನ್ನು ಒಡ್ಡಬೇಕಾದ ಕಾರಣ ನನಗಂತೂ ಕಾಣುವುದಿಲ್ಲ. ಕೊಡವರಿಗೆ ಮತ್ತು ಕೊಡಗಿನ ವಂಶಪಾರಂಪರ್ಯ ಜಮೀನಾದ ಜಮ್ಮಾದ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಬ್ರಿಟಿಷರ ಕಾಲದಿಂದ ನಡೆದುಬಂದಿರುವ, ಈಗ 2029ರವರೆಗೆ ವಿಸ್ತರಣೆಯಾಗಿರುವ ಕೋವಿ ವಿನಾಯಿತಿಗೆ ಅಮೆರಿಕದಲ್ಲಿ ಯಾವ ಬೆಲೆಯೂ ಇಲ್ಲವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದರೂ ನಿಮ್ಮ ಮಗಳ ವಿಷಯದಲ್ಲಿ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಂದೂಕನ್ನೇ ನೋಡದ ಬೆಂಗಳೂರಿನ ಹುಡುಗಿಯನ್ನು ಸಹಪಾಠಿಗಳು ಶೂಟಿಂಗ್ ರೇಂಜಿಗೆ ಕರೆದರೆ ಅವಳು ಹಿಂಜರಿದಾಳು. ಹಬ್ಬದಲ್ಲಿ ತೆಂಗಿನಕಾಯಿ ಉರುಳಿಸಿದವಳಿಗೆ ‘ಬಾ, ನಿನ್ನ ಗುರಿ ನೋಡೋಣ’ ಎಂಬ ಕರೆ ಸಹಜವಾಗಿಯೇ ಸಂತೋಷ ಕೊಡುತ್ತದೆ. ಟೆಕ್ಸಾಸಿನಲ್ಲಿ ಶನಿವಾರ ರೇಂಜಿಗೆ ಹೋಗುವುದು ಬೌಲಿಂಗಿಗೆ ಹೋದಷ್ಟೇ ಸಾಮಾನ್ಯ. ಕರೆದವರಿಗೂ ಈ ಕಾನೂನು ಗೊತ್ತಿರುವುದಿಲ್ಲ. ಅಲ್ಲಿ ತೆಗೆದ ಒಂದು ಫೋಟೊ ಸಾಮಾಜಿಕ ಜಾಲತಾಣಕ್ಕೆ ಏರಿದರೆ ಸಾಕ್ಷ್ಯವನ್ನು ತಾನೇ ಬರೆದುಕೊಟ್ಟಂತೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಬಾಡಿಗೆ ಮನೆಯದು. ಎಂ.ಎಸ್. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾಸ್ಟೆಲಿನಲ್ಲಿರುವುದಿಲ್ಲ. ಕ್ಯಾಂಪಸ್ಸಿನ ಹೊರಗೆ ಮೂರು ನಾಲ್ಕು ಜನ ಸೇರಿ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ಬಾಡಿಗೆದಾರರು ಕಾನೂನುಬದ್ಧವಾಗಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದನ್ನು ಮನೆಯ ಮಾಲೀಕರು ಕರಾರಿನಲ್ಲಿ ತಡೆಯುವಂತಿಲ್ಲ ಎಂದು ಟೆಕ್ಸಾಸ್ 2019ರಲ್ಲಿ ಕಾನೂನು ಮಾಡಿದೆ. ಜೊತೆಯಲ್ಲಿರುವವಳು ಅಮೆರಿಕದ ಪ್ರಜೆಯಾಗಿದ್ದು ಅವಳ ಪಿಸ್ತೂಲು ಇಬ್ಬರೂ ಬಳಸುವ ಕಪಾಟಿನಲ್ಲಿದ್ದರೆ, ಅದು ಯಾರ ಹತೋಟಿಯಲ್ಲಿತ್ತು ಎಂಬ ಪ್ರಶ್ನೆ ನಿಮ್ಮ ಮಗಳನ್ನೂ ಸುತ್ತಿಕೊಳ್ಳಬಹುದು. ಆದ್ದರಿಂದ ಮನೆ ಹಂಚಿಕೊಳ್ಳುವ ಮೊದಲು, ‘ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ನಿಮ್ಮದೇ ಬೀಗದ ಪೆಟ್ಟಿಗೆಯಲ್ಲಿ ಇಡುತ್ತೀರಾ’ ಎಂದು ಕೇಳಲು ಸಂಕೋಚ ಬೇಡ. ಅಲ್ಲಿ ಇದನ್ನು ಯಾರೂ ಅಸಭ್ಯವೆಂದು ಭಾವಿಸುವುದಿಲ್ಲ.

ಇನ್ನು ತರಗತಿಯ ವಿಷಯ. ‘ವಿದ್ಯಾರ್ಥಿಗಳು ಕ್ಲಾಸಿಗೆ ಪಿಸ್ತೂಲು ತರಬಹುದು’ ಎಂಬ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಟೆಕ್ಸಾಸ್ ವಿಧಾನ ಮಂಡಲ 2015ರಲ್ಲಿ ಅಂಗೀಕರಿಸಿದ ಕಾನೂನು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2016ರ ಆಗಸ್ಟ್ 1ರಿಂದ, ಎರಡು ವರ್ಷದ ಸಮುದಾಯ ಕಾಲೇಜುಗಳಲ್ಲಿ 2017ರ ಆಗಸ್ಟ್ 1ರಿಂದ ಜಾರಿಗೆ ಬಂತು. ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರವೇರಿ ಒಬ್ಬ ಬಂದೂಕುಧಾರಿ ಹತ್ಯಾಕಾಂಡ ನಡೆಸಿದ 1966ರ ಆಗಸ್ಟ್ 1ರಿಂದ ಲೆಕ್ಕ ಹಾಕಿದರೆ ಜಾರಿಯ ದಿನಕ್ಕೆ ಸರಿಯಾಗಿ ಐವತ್ತು ವರ್ಷ. ಆ ದಿನಾಂಕವನ್ನು ಕೇಳಿ ಅಲ್ಲಿನ ಹಳೆಯ ಅಧ್ಯಾಪಕರು ಮುಖ ಸಿಂಡರಿಸಿದ್ದು ಸಹಜವಾಗಿತ್ತು. ಕಾನೂನಿನ ಪ್ರಕಾರ ರಾಜ್ಯದ ಪರವಾನಗಿ ಇರುವವರು ಮಾತ್ರ ಕೈಬಂದೂಕನ್ನು ತರಬಹುದು, ಅದೂ ಯಾರ ಕಣ್ಣಿಗೂ ಬೀಳದಂತೆ. ಟೆಕ್ಸಾಸಿನಲ್ಲಿ 2021ರಿಂದ ರಸ್ತೆಯಲ್ಲಿ ಪಿಸ್ತೂಲು ಒಯ್ಯಲು ಪರವಾನಗಿಯ ಅಗತ್ಯವೇ ಇಲ್ಲದಿದ್ದರೂ ಕ್ಯಾಂಪಸ್ಸಿನೊಳಗೆ ಅದು ಈಗಲೂ ಬೇಕು. ಪರವಾನಗಿಗೆ ನಾಲ್ಕರಿಂದ ಆರು ಗಂಟೆಯ ಪಾಠ, ಒಂದು ಲಿಖಿತ ಪರೀಕ್ಷೆ ಮತ್ತು ಗುರಿ ಪರೀಕ್ಷೆ ಇರುತ್ತದೆ. ಶುಲ್ಕವನ್ನು 2017ರಲ್ಲಿ 140 ಡಾಲರಿನಿಂದ 40 ಡಾಲರಿಗೆ ಇಳಿಸಲಾಯಿತು. ಆರು ಗಂಟೆಯ ಪಾಠ ಸಾಕೇ ಎಂದು ನನ್ನನ್ನು ಕೇಳಿದರೆ, ಸಾಲದು ಎನ್ನುತ್ತೇನೆ. ಕಾನೂನು ಬಂದಾಗ ಕನಿಷ್ಠ ವಯಸ್ಸು 21 ಆಗಿತ್ತು, ಸೇನೆಯವರಿಗೆ 18. ಅದರಿಂದ ಪದವಿಯ ಮೊದಲ ವರ್ಷಗಳ ವಿದ್ಯಾರ್ಥಿಗಳು ಬಹುಪಾಲು ಹೊರಗುಳಿಯುತ್ತಿದ್ದರು. ಹದಿನೆಂಟರಿಂದ ಇಪ್ಪತ್ತು ವರ್ಷದವರಿಗೆ ಕೈಬಂದೂಕು ಒಯ್ಯದಂತೆ ವಿಧಿಸಿದ್ದ ರಾಜ್ಯದ ನಿರ್ಬಂಧ ಅಸಾಂವಿಧಾನಿಕವೆಂದು 2022ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿದ ಮೇಲೆ ಆ ಗೋಡೆ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ವಿಶ್ವವಿದ್ಯಾಲಯದ ಅಧ್ಯಕ್ಷರು ಕೆಲವು ಸ್ಥಳಗಳನ್ನು ಬಂದೂಕುರಹಿತವೆಂದು ಘೋಷಿಸಬಹುದು, ಆದರೆ ಇಡೀ ಕ್ಯಾಂಪಸ್ಸನ್ನೇ ಹಾಗೆ ಮಾಡುವಂತಿಲ್ಲ. ಕ್ರೀಡಾಕೂಟಗಳು, ಮಕ್ಕಳ ಪಾಲನಾ ಕೇಂದ್ರಗಳು, ಅಪಾಯಕಾರಿ ರಾಸಾಯನಿಕಗಳಿರುವ ಪ್ರಯೋಗಾಲಯಗಳು, ವಿದ್ಯಾರ್ಥಿಗಳ ಶಿಸ್ತು ವಿಚಾರಣೆ ನಡೆಯುವ ಕೊಠಡಿಗಳು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. ಅಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಒಂದು ಅಂಗುಲ ಎತ್ತರದ ಅಕ್ಷರಗಳ ಫಲಕ ಹಾಕಿರುತ್ತಾರೆ. ಹಾಸ್ಟೆಲುಗಳ ನಿಯಮ ಒಂದೊಂದು ಕಡೆ ಒಂದೊಂದು ಬಗೆ: ಆಸ್ಟಿನ್ನಿನಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಿಷಿದ್ಧ, ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಅನುಮತಿ ಇದೆ. ತರಗತಿಗಳನ್ನು ಪಟ್ಟಿಗೆ ಸೇರಿಸಬೇಕೆಂದು ಆಸ್ಟಿನ್ನಿನ ಅಧ್ಯಾಪಕರು ಬಲವಾಗಿ ಒತ್ತಾಯಿಸಿದರು. ವಿದ್ಯಾರ್ಥಿಗಳು ಕ್ಯಾಂಪಸ್ಸಿಗೆ ಬರುವುದೇ ತರಗತಿಗಾಗಿ, ಅದನ್ನೇ ನಿಷೇಧಿಸಿದರೆ ಕಾನೂನನ್ನೇ ರದ್ದು ಮಾಡಿದಂತಾಗುತ್ತದೆ ಎಂಬ ಕಾರಣಕ್ಕೆ ಈ ಕಾನೂನಿನ ಜಾರಿಗೆ ನಿಯಮಗಳನ್ನು ಸೂಚಿಸಲು ಅಲ್ಲಿ ರಚಿಸಿದ್ದ ಸಮಿತಿ ಒಪ್ಪಲಿಲ್ಲ. ಮೂವರು ಪ್ರಾಧ್ಯಾಪಕಿಯರು ಹೂಡಿದ ದಾವೆಯೂ 2018ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಖಾಸಗಿ ವಿಶ್ವವಿದ್ಯಾಲಯಗಳಿಗೆ ಮಾತ್ರ ಕಾನೂನಿನಿಂದ ಹೊರಗುಳಿಯುವ ಸ್ವಾತಂತ್ರ್ಯ ಕೊಡಲಾಗಿತ್ತು. ಹ್ಯೂಸ್ಟನ್ನಿನ ರೈಸ್, ಡಲ್ಲಾಸಿನ ಸದರ್ನ್ ಮೆಥೊಡಿಸ್ಟ್ ಸೇರಿದಂತೆ ಬಹುತೇಕ ಎಲ್ಲವೂ ಹೊರಗುಳಿದವು. ಬಂದೂಕನ್ನು ಪ್ರೀತಿಸುವ ರಾಜ್ಯದಲ್ಲಿಯೇ, ಆಯ್ಕೆ ಕೈಯಲ್ಲಿದ್ದ ಸಂಸ್ಥೆಗಳು ಬೇಡವೆಂದದ್ದನ್ನು ನಾನು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ.

ಹಾಗಾದರೆ ತರಗತಿಯಲ್ಲಿ ಎಷ್ಟು ಜನರ ಬಳಿ ಪಿಸ್ತೂಲು ಇರುತ್ತದೆ? ಆಸ್ಟಿನ್ನಿನ ಸಮಿತಿಯ ಅಂದಾಜಿನಲ್ಲಿ ಪರವಾನಗಿ ಹೊಂದಿದ ವಿದ್ಯಾರ್ಥಿಗಳು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಪರವಾನಗಿ ಇದ್ದವರೆಲ್ಲರೂ ದಿನವೂ ಒಯ್ಯುವುದಿಲ್ಲ. ಪರವಾನಗಿದಾರರು ಅಪರಾಧಗಳಲ್ಲಿ ಸಿಕ್ಕಿಬೀಳುವ ಪ್ರಮಾಣವೂ ಚಿಕ್ಕದೆಂದು ಟೆಕ್ಸಾಸ್ ಸಾರ್ವಜನಿಕ ಸುರಕ್ಷತಾ ಇಲಾಖೆಯ ವಾರ್ಷಿಕ ವರದಿಗಳು ತೋರಿಸುತ್ತವೆ. ಪಕ್ಕದ ಬೆಂಚಿನವನು ಸಿಟ್ಟಿನಲ್ಲಿ ಪಿಸ್ತೂಲು ತೆಗೆಯುತ್ತಾನೆ ಎಂಬ ನಿಮ್ಮ ಪತ್ನಿಯವರ ಭಯಕ್ಕೆ, ಕಾನೂನು ಜಾರಿಯಾದ ಮೇಲಿನ ಅನುಭವ ಹೆಚ್ಚಿನ ಪುಷ್ಟಿ ಕೊಡುವುದಿಲ್ಲ.

ಆದರೆ ಇದರ ಎದುರಿನ ನಂಬಿಕೆಯೂ ಅಷ್ಟೇ ಪೊಳ್ಳು. ಪಿಸ್ತೂಲು ಇರುವ ಒಳ್ಳೆಯವರು ಸುತ್ತಲಿದ್ದರೆ ದುಷ್ಕರ್ಮಿಯನ್ನು ತಡೆಯುತ್ತಾರೆ ಎನ್ನುವವರು ಒರೆಗಾನ್ ರಾಜ್ಯದ ಅಂಪ್ಕ್ವಾ ಸಮುದಾಯ ಕಾಲೇಜಿನಲ್ಲಿ 2015ರ ಅಕ್ಟೋಬರ್ 1ರಂದು ಒಂಬತ್ತು ಜನ ಹತರಾದ ಘಟನೆಯನ್ನು ಗಮನಿಸಬೇಕು. ಆ ದಿನ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಒಬ್ಬ ವಿದ್ಯಾರ್ಥಿ ಪರವಾನಗಿಯ ಪಿಸ್ತೂಲಿನೊಂದಿಗೆ ಕ್ಯಾಂಪಸ್ಸಿನಲ್ಲಿಯೇ ಇದ್ದ. ತಾನು ಹೊರಬಂದರೆ ಪೊಲೀಸರು ತನ್ನನ್ನೇ ಹಂತಕನೆಂದು ತಿಳಿದಾರು ಎಂದು ಅರಿತು ಅವನು ಒಳಗೇ ಉಳಿದ. ತರಬೇತಿ ಇದ್ದದ್ದರಿಂದಲೇ ಅವನಿಗೆ ಆ ವಿವೇಕ ಇತ್ತು. ಗುಂಡಿನ ಸದ್ದು ಕೇಳಿ ಓಡಿಬರುವ ಪೊಲೀಸರಿಗೆ ಕೈಯಲ್ಲಿ ಪಿಸ್ತೂಲಿರುವ ಇಬ್ಬರಲ್ಲಿ ಯಾರು ಯಾರೆಂದು ತಿಳಿಯಲು ದಾರಿಯಿಲ್ಲ. ಬಂದೂಕು ಒಯ್ಯುವ ಹಕ್ಕನ್ನು ಸಡಿಲಗೊಳಿಸಿದ ರಾಜ್ಯಗಳಲ್ಲಿ ಹಿಂಸಾತ್ಮಕ ಅಪರಾಧ ಕಡಿಮೆಯಾಗುವ ಬದಲು ಹೆಚ್ಚಾಗಿದೆ ಎಂದು ಸ್ಟ್ಯಾನ್‌ಫರ್ಡಿನ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು ದೀರ್ಘಕಾಲದ ಅಂಕಿಅಂಶಗಳಿಂದ ವಾದಿಸಿದ್ದಾರೆ. ಅದು ಇಡೀ ರಾಜ್ಯಗಳ ಲೆಕ್ಕ, ಕ್ಯಾಂಪಸ್ಸಿಗೆ ಹಾಗೆಯೇ ಹೊಂದಿಸಲಾಗದು.

ನಾವು ವೃತ್ತಿಯಲ್ಲಿರುವವರು ನಿಜವಾಗಿ ಚಿಂತಿಸುವುದು ಅಜಾಗರೂಕತೆಯ ಬಗ್ಗೆ ಮತ್ತು ಆತ್ಮಹತ್ಯೆಯ ಬಗ್ಗೆ. ಐಡಹೊ ರಾಜ್ಯದಲ್ಲಿ ಇಂಥದೇ ಕಾನೂನು ಜಾರಿಯಾದ ಕೆಲವೇ ವಾರಗಳಲ್ಲಿ, 2014ರ ಸೆಪ್ಟೆಂಬರಿನಲ್ಲಿ, ಪ್ರಾಧ್ಯಾಪಕರೊಬ್ಬರ ಜೇಬಿನಲ್ಲಿದ್ದ ಪಿಸ್ತೂಲು ತರಗತಿಯಲ್ಲೇ ಸಿಡಿದು ಅವರ ಪಾದಕ್ಕೆ ಗಾಯವಾಯಿತು. ಟೆಕ್ಸಾಸಿನ ಟಾರ್ಲ್‌ಟನ್ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ 2016ರ ಸೆಪ್ಟೆಂಬರಿನಲ್ಲಿ ಹೀಗೆಯೇ ಆಕಸ್ಮಿಕವಾಗಿ ಗುಂಡು ಹಾರಿತು, ಯಾರಿಗೂ ಪೆಟ್ಟಾಗಲಿಲ್ಲ. ಪಿಸ್ತೂಲಿನ ನಳಿಕೆಯ ಹಿಂದೆ ಗುಂಡು ಏರಿಸಿಟ್ಟು ಒಯ್ಯಬಾರದು ಎಂದು ಆಸ್ಟಿನ್ ಸಮಿತಿ ಸೂಚಿಸಿದ್ದ ನಿಯಮವನ್ನು ಆಡಳಿತ ಮಂಡಳಿ 2016ರಲ್ಲಿ ತೆಗೆದುಹಾಕಿತು. ಪಿಸ್ತೂಲಿನ ಕುದುರೆಯನ್ನು (ಟ್ರಿಗರ್) ಪೂರ್ತಿ ಮುಚ್ಚುವ ಚೀಲದಲ್ಲಿಯೇ ಇರಬೇಕು, ಕೈಗೆಟಕುವಷ್ಟು ಹತ್ತಿರ ಇರಬೇಕು ಎಂಬ ನಿಯಮ ಉಳಿಯಿತು. ಎರಡೂ ಇದ್ದಿದ್ದರೆ ಒಳ್ಳೆಯದಿತ್ತೆಂದು ನನ್ನ ಅಭಿಪ್ರಾಯ. ಆತ್ಮಹತ್ಯೆಯ ವಿಷಯಕ್ಕೆ ಬಂದರೆ, 2022ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತ ಸುಮಾರು 48,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಪರೀಕ್ಷೆ, ಸಾಲ, ಒಂಟಿತನಗಳಿಂದ ಕುಗ್ಗಿದ ಮನಸ್ಸಿಗೆ ಕೈಯಳತೆಯಲ್ಲಿ ಬಂದೂಕು ಇರುವುದು ಇಲ್ಲದಿರುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಈಗ ಖರ್ಚಿನ ಮಾತು. ‘ಕೋಟಿಗಟ್ಟಲೆ ಡಾಲರ್’ ಎಂದು ನೀವು ಕೇಳಿದ್ದು ಎಲ್ಲಿಂದ ಬಂತು ಎಂದು ನಾನು ಊಹಿಸಬಲ್ಲೆ. ಕಾನೂನು ಚರ್ಚೆಯಲ್ಲಿದ್ದಾಗ, 2015ರ ಆರಂಭದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಯು ತನ್ನೆಲ್ಲ ಸಂಸ್ಥೆಗಳಿಗೆ ಆರು ವರ್ಷಗಳಲ್ಲಿ ಸುಮಾರು 3.9 ಕೋಟಿ ಡಾಲರ್ ಹೆಚ್ಚುವರಿ ವೆಚ್ಚವಾದೀತೆಂದು ಅಂದಾಜು ಕೊಟ್ಟಿತ್ತು. ಅದರಲ್ಲಿ ದೊಡ್ಡ ಪಾಲು ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯದೇ ಹೊರತು ತರಗತಿಗಳದಲ್ಲ. ಅದೇ ಮಸೂದೆಗೆ ರಾಜ್ಯದ ಬಜೆಟ್ ಮಂಡಳಿ ಬರೆದ ಟಿಪ್ಪಣಿಯಲ್ಲಿ ರಾಜ್ಯಕ್ಕೆ ಹೇಳಿಕೊಳ್ಳುವಂತಹ ಆರ್ಥಿಕ ಹೊರೆ ಬೀಳದು ಎಂದಿತ್ತು. ಒಂದೇ ಕಾನೂನಿಗೆ ಎರಡು ಲೆಕ್ಕ ಹೇಗೆ ಬಂದವು ಎಂದರೆ, ಯಾವುದನ್ನು ಖರ್ಚೆಂದು ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಫಲಕ ಹಾಕುವುದು, ನಿಯಮ ಬರೆಯುವುದು, ಸಿಬ್ಬಂದಿಗೆ ಒಂದು ದಿನದ ತರಬೇತಿ ಕೊಡುವುದು, ಕೆಲವು ಕಡೆ ಬೀಗದ ಪೆಟ್ಟಿಗೆ ಇಡುವುದು ಇವಿಷ್ಟೇ ಆದರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಅದು ಗಮನಕ್ಕೆ ಬರುವ ಮೊತ್ತವಲ್ಲ. ಹೊಸದಾಗಿ ಒಬ್ಬ ಪೊಲೀಸ್ ಅಧಿಕಾರಿಯನ್ನು ನಿಲ್ಲಿಸಬೇಕೆಂದಾಗ ಲೆಕ್ಕ ಬದಲಾಗುತ್ತದೆ.

ಇಲ್ಲಿಯೇ ನಮ್ಮ ಕಾಲೇಜುಗಳಿಗೂ ಅಲ್ಲಿಗೂ ಇರುವ ವ್ಯತ್ಯಾಸವನ್ನು ಹೇಳಬೇಕು. ನಮ್ಮಲ್ಲಿ ಗೇಟಿನ ಬಳಿ ಏಜೆನ್ಸಿಯ ಸೆಕ್ಯುರಿಟಿಯವರು ನಿಂತಿರುತ್ತಾರೆ, ಗಂಭೀರವಾದದ್ದೇನಾದರೂ ಆದರೆ ಠಾಣೆಗೆ ಫೋನು ಮಾಡುತ್ತಾರೆ. ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸ್ವಂತ ಪೊಲೀಸ್ ಇಲಾಖೆ ಇರುತ್ತದೆ. ಅದರ ಅಧಿಕಾರಿಗಳಿಗೆ ಬಂಧಿಸುವ, ತನಿಖೆ ಮಾಡುವ ಪೂರ್ಣ ಅಧಿಕಾರವಿದೆ, ಬಂದೂಕೂ ಇದೆ. ಹೀಗಾಗಿ ಭದ್ರತೆಯ ಬಜೆಟ್ಟಿನಲ್ಲಿ ಸಿಂಹಪಾಲು ಸಂಬಳದ್ದು. ವಾರಕ್ಕೆ 168 ಗಂಟೆ. ಒಬ್ಬ ಅಧಿಕಾರಿ ಕೆಲಸ ಮಾಡುವುದು 40 ಗಂಟೆ. ಅಂದರೆ ಒಂದು ಬಾಗಿಲಿನಲ್ಲಿ ಹಗಲಿರುಳೂ ಒಬ್ಬರು ನಿಂತಿರಬೇಕಾದರೆ ನಾಲ್ವರಿಗಿಂತ ಹೆಚ್ಚು ಜನ ಬೇಕು, ರಜೆ ಮತ್ತು ತರಬೇತಿಯ ದಿನಗಳನ್ನು ಸೇರಿಸಿದರೆ ಐವರು. ಆ ಐವರ ಸಂಬಳ, ವಿಮೆ, ಪಿಂಚಣಿ, ವಾಹನ ಎಲ್ಲವನ್ನೂ ಲೆಕ್ಕ ಹಾಕಿದ ಮೇಲೆಯೇ ಒಂದು ಬಾಗಿಲಿನ ಬೆಲೆ ಗೊತ್ತಾಗುವುದು. ಆಸ್ಟಿನ್ನಿನ ಮುಖ್ಯ ಕ್ಯಾಂಪಸ್ 431 ಎಕರೆ. ನೂರಾರು ಕಟ್ಟಡ, ಒಂದೊಂದಕ್ಕೂ ನಾಲ್ಕಾರು ಬಾಗಿಲು. ಎಲ್ಲ ಬಾಗಿಲಿಗೂ ಲೋಹಶೋಧಕ ಮತ್ತು ಕಾವಲು ಇಡುವ ಮಾತನ್ನು ಯಾವ ಹಣಕಾಸು ಅಧಿಕಾರಿಯ ಎದುರೂ ಆಡಲಾಗದು.

ಕಾನ್ಸಾಸ್ ರಾಜ್ಯದ ಕಾನೂನು ಈ ಲೆಕ್ಕವನ್ನೇ ಆಯುಧ ಮಾಡಿಕೊಂಡಿತು. ಸಾರ್ವಜನಿಕ ಕಟ್ಟಡದಲ್ಲಿ ಬಂದೂಕು ಬೇಡವೆನ್ನುವ ಸಂಸ್ಥೆ ಅದರ ಪ್ರವೇಶದ್ವಾರಗಳಲ್ಲಿ ಶೋಧಕ ಯಂತ್ರ ಮತ್ತು ಸಿಬ್ಬಂದಿ ಇಟ್ಟು ಯಾರೂ ಬಂದೂಕು ಒಳತರದಂತೆ ಖಾತರಿಪಡಿಸಬೇಕು, ಇಲ್ಲವಾದರೆ ಬಂದೂಕನ್ನು ಒಳಗೆ ಬಿಡಬೇಕು ಎಂಬುದು ಅದರ ತಿರುಳು. ವಿಶ್ವವಿದ್ಯಾಲಯಗಳಿಗೆ ಕೊಟ್ಟಿದ್ದ ನಾಲ್ಕು ವರ್ಷದ ವಿನಾಯಿತಿ 2017ರ ಜುಲೈ 1ಕ್ಕೆ ಮುಗಿದಾಗ ಬಹುತೇಕ ಕಟ್ಟಡಗಳಲ್ಲಿ ಬಿಡುವುದೊಂದೇ ದಾರಿಯಾಯಿತು; ಕಾನ್ಸಾಸ್ ವಿಶ್ವವಿದ್ಯಾಲಯ ಫುಟ್‌ಬಾಲ್ ಕ್ರೀಡಾಂಗಣದಂತಹ ದೊಡ್ಡ ಜನಸಂದಣಿಯ ಕಡೆಗಳಲ್ಲಿ ಮಾತ್ರ ತಪಾಸಣೆಗೆ ಹಣ ಸುರಿಯಿತು. ತಮಾಷೆಯೆಂದರೆ, ಸರ್ಕಾರಿ ಆಸ್ಪತ್ರೆಗಳಿಗೆ ಅದೇ ನಿಯಮ ಹಾಕಿದಾಗ ಬೀಳುವ ಖರ್ಚನ್ನು ಕಂಡು ಅಲ್ಲಿನ ವಿಧಾನ ಮಂಡಲವೇ ಆಸ್ಪತ್ರೆಗಳನ್ನು ಹೊರಗಿಟ್ಟಿತು. ಐಡಹೊದಲ್ಲಿ 2014ರ ಕಾನೂನಿನ ಬಳಿಕ ಐದು ಸರ್ಕಾರಿ ಸಂಸ್ಥೆಗಳು ಮೊದಲ ವರ್ಷಕ್ಕೆ ತೋರಿಸಿದ ಹೆಚ್ಚುವರಿ ಲೆಕ್ಕ ಸುಮಾರು 37 ಲಕ್ಷ ಡಾಲರ್. ಅದರಲ್ಲಿ ಎಷ್ಟು ಭಾಗ ಕಾನೂನಿನಿಂದಲೇ ಬಂದದ್ದು, ಎಷ್ಟು ಭಾಗ ಮೊದಲೇ ಬೇಕಾಗಿದ್ದು ಈ ನೆಪದಲ್ಲಿ ಕೇಳಿದ್ದು ಎಂಬುದರ ಬಗ್ಗೆ ಅಲ್ಲಿನ ಶಾಸಕರು ಅನುಮಾನ ಪಟ್ಟರೆ ನಾನು ಅವರನ್ನು ದೂರಲಾರೆ. ಬಜೆಟ್ ಬರೆಯುವ ನಮ್ಮಂಥವರಿಗೆ ಹೊಸ ಕಾನೂನು ಎಂದರೆ ಹಳೆಯ ಬೇಡಿಕೆಗಳನ್ನು ಮುಂದಿಡುವ ಸಂದರ್ಭವೂ ಹೌದು.

ವಿದೇಶಿ ವಿದ್ಯಾರ್ಥಿಗಳ ಮೇಲೆ ಇದನ್ನು ಪ್ರತ್ಯೇಕವಾಗಿ ಹೇರುತ್ತಾರೆ ಎಂಬುದು ತಪ್ಪು. ನಿಮ್ಮ ಮಗಳು ಹೆಚ್ಚು ಕಟ್ಟುವುದು ಹೊರರಾಜ್ಯದವರ ದರ ಅವಳಿಗೆ ಅನ್ವಯವಾಗುವುದರಿಂದ. ಪಕ್ಕದ ಒಕ್ಲಹೋಮಾದಿಂದ ಬಂದ ಅಮೆರಿಕದವನಿಗೂ ಸಾಮಾನ್ಯವಾಗಿ ಅದೇ ದರ. ಭದ್ರತೆಯ ಹಣ ಬೋಧನಾ ಶುಲ್ಕ, ಇತರ ಶುಲ್ಕಗಳು, ರಾಜ್ಯದ ಅನುದಾನ, ವಾಹನ ನಿಲುಗಡೆಯ ಆದಾಯ ಎಲ್ಲವೂ ಸೇರಿದ ಹುಂಡಿಯಿಂದ ಬರುತ್ತದೆ. ಕಾನೂನಿಗಾಗಿ ರಾಜ್ಯ ಬೇರೆ ಹಣ ಕೊಡದಿದ್ದರೆ ಅದು ಇನ್ನೊಂದು ಬಾಬತ್ತಿನಿಂದ ಕಡಿತವಾಗುತ್ತದೆ. ಒಂದು ಕಡೆ ರಾತ್ರಿಯ ಶಟಲ್ ಬಸ್ಸಿನ ಸಮಯವನ್ನು ಮೊಟಕು ಮಾಡಿ ಬಾಗಿಲುಗಳ ವಿದ್ಯುತ್ ಬೀಗಕ್ಕೆ ಹಣ ಹೊಂದಿಸಿದ್ದನ್ನು ನಾನೇ ಕಂಡಿದ್ದೇನೆ. ವಿದ್ಯಾರ್ಥಿನಿಯರ ದೃಷ್ಟಿಯಿಂದ ನೋಡಿದರೆ ಅದು ಒಳ್ಳೆಯ ವ್ಯಾಪಾರವಾಗಿರಲಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಶುಲ್ಕ ಎಷ್ಟು ಏರಿತು ಎಂಬುದಕ್ಕಿಂತ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು.

ಶಿಕಾಗೊ ಆಯ್ಕೆಯನ್ನೂ ಇದೇ ಬೆಳಕಿನಲ್ಲಿ ನೋಡಿ. ಇಲಿನಾಯ್ ರಾಜ್ಯ 2013ರ ಕಾನೂನಿನಲ್ಲಿಯೇ ಕಾಲೇಜು ಕ್ಯಾಂಪಸ್ಸುಗಳಲ್ಲಿ ಬಂದೂಕು ಒಯ್ಯುವುದನ್ನು ನಿಷೇಧಿಸಿದೆ. ಹಾಗೆಂದು ಅಲ್ಲಿ ಭದ್ರತೆಯ ಖರ್ಚು ಕಡಿಮೆಯೇನಲ್ಲ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದ ಚೀನಾದ ಯುವಕನೊಬ್ಬ 2021ರ ನವೆಂಬರಿನಲ್ಲಿ ಕ್ಯಾಂಪಸ್ಸಿನ ಪಕ್ಕದ ಹೈಡ್ ಪಾರ್ಕ್ ಬಡಾವಣೆಯಲ್ಲಿ ಹಾಡಹಗಲೇ ದರೋಡೆಕೋರನ ಗುಂಡಿಗೆ ಬಲಿಯಾದ ಮೇಲೆ ಆ ವಿಶ್ವವಿದ್ಯಾಲಯ ಗಸ್ತು ಮತ್ತು ಕಣ್ಗಾವಲನ್ನು ಹೆಚ್ಚಿಸಿತು. ಒಳಗೆ ಬಂದೂಕು ಬೇಡವೆಂಬ ನಿಯಮ ಬೇಲಿಯಾಚೆ ನಿಂತುಹೋಗುತ್ತದೆ. ಟೆಕ್ಸಾಸಿನಲ್ಲೂ ಭಾರತೀಯ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ಸುದ್ದಿಗಳನ್ನು ಗಮನಿಸಿದರೆ ಅನೇಕವು ನಡೆದಿರುವುದು ಕ್ಯಾಂಪಸ್ಸಿನ ಹೊರಗೆ, ರಾತ್ರಿ ಪಾಳಿಯ ಪೆಟ್ರೋಲ್ ಬಂಕುಗಳಲ್ಲಿ, ಅಂಗಡಿಗಳಲ್ಲಿ. ಎಫ್-1 ವಿದ್ಯಾರ್ಥಿಗೆ ಓದಿನ ಅವಧಿಯಲ್ಲಿ ಅನುಮತಿಯಿರುವುದು ಸಾಮಾನ್ಯವಾಗಿ ಕ್ಯಾಂಪಸ್ಸಿನೊಳಗೆ ವಾರಕ್ಕೆ ಇಪ್ಪತ್ತು ಗಂಟೆಯ ಕೆಲಸಕ್ಕೆ ಮಾತ್ರ. ಬಂಕಿನ ಕೆಲಸ ವೀಸಾಕ್ಕೂ ಮುಳುವು, ಪ್ರಾಣಕ್ಕೂ. ಮಗಳು ಅಂತಹ ಕೆಲಸಕ್ಕೆ ಕೈಹಾಕದಿರುವಷ್ಟು ಹಣವನ್ನು ಮೊದಲ ವರ್ಷಕ್ಕೆ ಹೊಂದಿಸಿಟ್ಟು ಕಳಿಸಿದರೆ, ನನ್ನ ಲೆಕ್ಕದಲ್ಲಿ, ಯಾವ ಕ್ಯಾಂಪಸ್ ಕಾನೂನಿಗಿಂತಲೂ ಅದು ಹೆಚ್ಚಿನ ರಕ್ಷಣೆ.

ಹೀಗಾಗಿ ಪಿಸ್ತೂಲಿನ ಕಾನೂನೊಂದರ ಕಾರಣಕ್ಕೆ ಡಲ್ಲಾಸನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಪಾಠದ ಕೋಣೆಯಲ್ಲಿ ಪಿಸ್ತೂಲಿರಬಹುದು ಎಂಬ ಯೋಚನೆಯೇ ಮಗಳನ್ನು ದಿನವೂ ಕಾಡುವುದಾದರೆ ಶಿಕಾಗೊ ಒಳ್ಳೆಯದು, ಆದರೆ ಅಲ್ಲಿ ಬಡಾವಣೆಯನ್ನು ನೋಡಿ ಮನೆ ಹಿಡಿಯಬೇಕು, ಶುಲ್ಕದ ಅಂತರವನ್ನು ತುಂಬಲು ಸಾಲ ಹೆಚ್ಚಾಗಿ ಆ ಒತ್ತಡವೂ ಅವಳ ಮೇಲೆಯೇ ಬೀಳುತ್ತದೆ ಎಂಬುದು ನೆನಪಿರಲಿ. ಟೆಕ್ಸಾಸಿನಲ್ಲಿಯೇ ಖಾಸಗಿ ವಿಶ್ವವಿದ್ಯಾಲಯ ಸೇರಿದರೆ ಬಹುತೇಕ ಕಡೆ ಕ್ಯಾಂಪಸ್ಸಿನೊಳಗೆ ಬಂದೂಕಿಗೆ ಅನುಮತಿ ಇರುವುದಿಲ್ಲ, ಹೊರಗೆ ಹೆಜ್ಜೆಯಿಟ್ಟೊಡನೆ ಅದೇ ಟೆಕ್ಸಾಸ್.

ನಿರ್ಧರಿಸುವ ಮೊದಲು ಎರಡೂ ವಿಶ್ವವಿದ್ಯಾಲಯಗಳ ವಾರ್ಷಿಕ ಭದ್ರತಾ ವರದಿಯನ್ನು ಓದಿ. 1986ರಲ್ಲಿ ತನ್ನ ಹಾಸ್ಟೆಲ್ ಕೋಣೆಯಲ್ಲಿಯೇ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿರುವ 1990ರ ಕಾನೂನಿನ ಪ್ರಕಾರ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಮೂರು ವರ್ಷದ ಅಪರಾಧಗಳ ಅಂಕಿಗಳನ್ನು ಪ್ರಕಟಿಸುವುದು ಕಡ್ಡಾಯ. ಅದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ವಿದ್ಯಾರ್ಥಿಗಳು ನಂಬಿಕೆಯಿಂದ ದೂರು ಕೊಡುವ ಕ್ಯಾಂಪಸ್ಸಿನಲ್ಲಿ ಸಂಖ್ಯೆ ಹೆಚ್ಚು ಕಾಣಬಹುದು, ಅದು ಕೆಟ್ಟ ಲಕ್ಷಣವೇ ಆಗಿರಬೇಕಿಲ್ಲ. ಎರಡನೆಯದು, ಕ್ಯಾಂಪಸ್ಸಿನಿಂದ ಒಂದು ಕಿಲೋಮೀಟರ್ ಆಚೆ ಅವಳು ಬಾಡಿಗೆಗಿರುವ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದು ಆ ವರದಿಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಅದಕ್ಕೆ ನಗರ ಪೊಲೀಸರ ಮಾಹಿತಿಯನ್ನೇ ನೋಡಬೇಕು. ಕ್ಯಾಂಪಸ್ ಪೊಲೀಸರ ದೈನಂದಿನ ಅಪರಾಧ ದಾಖಲೆಯೂ ಕೊನೆಯ ಅರವತ್ತು ದಿನಗಳದ್ದು ಸಾರ್ವಜನಿಕರಿಗೆ ತೆರೆದಿರುತ್ತದೆ. ಮೂರು ವರ್ಷದ ಅಂಕಿಗಳಿಗಿಂತ ಅದರಿಂದಲೇ ಸ್ಥಳದ ಸ್ವಭಾವ ಚೆನ್ನಾಗಿ ತಿಳಿಯುತ್ತದೆ.

ಇದರ ಜೊತೆಗೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಒಂದು ಇಮೇಲ್ ಬರೆಯಿರಿ: ರಾತ್ರಿ ಹತ್ತರ ನಂತರ ಎಷ್ಟು ಅಧಿಕಾರಿಗಳು ಗಸ್ತಿನಲ್ಲಿರುತ್ತಾರೆ, ಶಟಲ್ ಬಸ್ಸು ಎಷ್ಟು ಹೊತ್ತಿನವರೆಗೆ ಮತ್ತು ಯಾವ ಅಪಾರ್ಟ್‌ಮೆಂಟುಗಳವರೆಗೆ ಹೋಗುತ್ತದೆ, ಪ್ರಯೋಗಾಲಯದಿಂದ ಮನೆಗೆ ಜೊತೆಯಲ್ಲಿ ಬರುವ ವ್ಯವಸ್ಥೆ ಇದೆಯೇ, ಆಪ್ತಸಮಾಲೋಚಕರನ್ನು ಕಾಣಲು ಎಷ್ಟು ವಾರ ಕಾಯಬೇಕು. ಉತ್ತರ ಬರುವ ವೇಗ ಮತ್ತು ಅದರ ಸ್ಪಷ್ಟತೆಯಿಂದಲೇ ಅವರ ಹಣ ಎಲ್ಲಿಗೆ ಹೋಗುತ್ತಿದೆಯೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಆತ್ಮರಕ್ಷಣೆಗೆ ಏನಾದರೂ ಕೈಯಲ್ಲಿರಲೇಬೇಕೆಂದಾದರೆ ಅಂಗಡಿಯಲ್ಲಿ ಸಿಗುವ ಸಣ್ಣ ಮೆಣಸಿನ ಸ್ಪ್ರೇಗೆ ಟೆಕ್ಸಾಸ್ ಕಾನೂನಿನ ಅಡ್ಡಿಯಿಲ್ಲ. ಕ್ಯಾಂಪಸ್ಸಿನ ನಿಯಮವನ್ನು ಮಾತ್ರ ಒಮ್ಮೆ ನೋಡಿಕೊಳ್ಳಲಿ, ವಿಮಾನದ ಕೈಚೀಲದಲ್ಲಿ ಒಯ್ಯದಿರಲಿ.